ಬ್ರಾಡ್‌ವೇ ಹೊಸ ಮ್ಯೂಸಿಕಲ್‌ಗಳು: ವಿಮರ್ಶಕರು ಹೊಗಳಿದ್ದಕ್ಕೂ ಟಿಕೆಟ್ ಹೋಗಿದ್ದಕ್ಕೂ ಸಂಬಂಧ ಇದೆಯಾ?

ಬಾಲ್ಕನಿ ಸೀಟು:

2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ, ಅಂದರೆ ಅಲ್ಲಿನ ದೊಡ್ಡ ವೃತ್ತಿ ಥಿಯೇಟರ್‌ಗಳಲ್ಲಿ, ಎರಡು ಹೊಸ ಮ್ಯೂಸಿಕಲ್‌ಗಳು (ಹಾಡು-ಕುಣಿತದ ನಾಟಕಗಳು) ಎರಡೇ ದಿನದ ಅಂತರದಲ್ಲಿ ಓಪನ್ ಆದವು. 12ಕ್ಕೆ ಬೆಲಾಸ್ಕೋ ಥಿಯೇಟರ್‌ನಲ್ಲಿ ‘ಮೇಬಿ ಹ್ಯಾಪಿ ಎಂಡಿಂಗ್’, 14ಕ್ಕೆ ಪ್ಯಾಲೆಸ್ ಥಿಯೇಟರ್‌ನಲ್ಲಿ ‘ಟ್ಯಾಮಿ ಫೇ’.

ಮೊದಲನೆಯದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಹಳತಾಗಿ ಮೂಲೆ ಸೇರಿದ ಎರಡು ರೋಬೋಗಳ ಪ್ರೇಮಕಥೆ. ಮುಖ್ಯ ನಟರು ನಾಲ್ಕೇ ಜನ. ಯಾರಿಗೂ ಗೊತ್ತಿಲ್ಲದ ಹೆಸರು, ಹಿಂದೆ ಸಿನಿಮಾ ಇಲ್ಲ, ಕಾದಂಬರಿ ಇಲ್ಲ. ಎರಡನೆಯದಕ್ಕೆ ಸಂಗೀತ ಪಾಪ್ ಗಾಯಕ ಎಲ್ಟನ್ ಜಾನ್. ಲಂಡನ್‌ನ ಆಲ್ಮೈಡಾ ಥಿಯೇಟರ್‌ನಲ್ಲಿ 2022ರಲ್ಲಿ ಮೆಚ್ಚುಗೆ ಪಡೆದು ಬಂದದ್ದು.

ಆಗಿದ್ದೇನು? ‘ಟ್ಯಾಮಿ ಫೇ’ಯನ್ನು ವಿಮರ್ಶಕರು ಕೆಳಗಿಳಿಸಿದರು. ಓಪನ್ ಆದ ಒಂದು ವಾರದೊಳಗೆ ಮುಚ್ಚುವ ಘೋಷಣೆ ಬಂತು, ಡಿಸೆಂಬರ್ 8ಕ್ಕೆ ಕೊನೆ ಶೋ. ‘ಮೇಬಿ ಹ್ಯಾಪಿ ಎಂಡಿಂಗ್’ ಪ್ರಿವ್ಯೂ ಸಮಯದಲ್ಲಿ (ಓಪನಿಂಗ್‌ಗೆ ಮೊದಲು ಟಿಕೆಟ್ ಮಾರಿಯೇ ನಡೆಸುವ ಪ್ರದರ್ಶನಗಳು) ವಾರಕ್ಕೆ 3 ಲಕ್ಷ ಡಾಲರ್ ಕೂಡ ದಾಟದೆ ಒದ್ದಾಡುತ್ತಿತ್ತು. ಆಮೇಲೆ ಹೊಗಳಿಕೆ ಬಂತು, ಟಿಕೆಟ್ ಏರಿತು, 2025ರ ಜೂನ್‌ನಲ್ಲಿ ಅತ್ಯುತ್ತಮ ಮ್ಯೂಸಿಕಲ್ ಸೇರಿ 6 ಟೋನಿ (ಬ್ರಾಡ್‌ವೇಯ ಅತಿ ದೊಡ್ಡ ಪ್ರಶಸ್ತಿ) ಹೊಡೆಯಿತು.

ಇದನ್ನು ನೋಡಿದರೆ ವಿಮರ್ಶೆಯೇ ಎಲ್ಲ ಅನ್ನಿಸುತ್ತದೆ. ಆದರೆ ಅದೇ ಸೀಸನ್ನಿನ ‘ಡೆಡ್ ಔಟ್‌ಲಾ’ಗೂ ಒಳ್ಳೊಳ್ಳೆ ವಿಮರ್ಶೆ ಬಂದಿತ್ತು. ಎರಡು ತಿಂಗಳಲ್ಲಿ ಮುಚ್ಚಿತು. ಹಾಗಾದರೆ ಲೆಕ್ಕ ಏನು?

ಗ್ರೀನ್ ರೂಮ್ ಗಿರಾಕಿ:

ವಿಮರ್ಶೆಯೇ ಎಲ್ಲ ಅನ್ನುವವರಿಗೆ ಒಂದೇ ಹೆಸರು ಸಾಕು: ‘ವಿಕೆಡ್’. 2003ರ ಅಕ್ಟೋಬರ್ 30ಕ್ಕೆ ಓಪನ್ ಆದಾಗ ನ್ಯೂಯಾರ್ಕ್ ಟೈಮ್ಸ್‌ಗೆ ಅಷ್ಟೇನೂ ಹಿಡಿಸಲಿಲ್ಲ. ಮುಂದಿನ ವರ್ಷ ಅತ್ಯುತ್ತಮ ಮ್ಯೂಸಿಕಲ್ ಟೋನಿ ಕೂಡ ‘ಅವೆನ್ಯೂ ಕ್ಯೂ’ ಪಾಲಾಯಿತು. ಆದರೂ 1.4 ಕೋಟಿ ಡಾಲರ್ ಬಂಡವಾಳ 14 ತಿಂಗಳಲ್ಲಿ ವಾಪಸ್ ಬಂತು. 20 ವರ್ಷ ದಾಟಿದರೂ ಗರ್ಶ್ವಿನ್ ಥಿಯೇಟರ್ ಬಿಟ್ಟು ಅಲ್ಲಾಡಿಲ್ಲ.

ಲಂಡನ್‌ನಲ್ಲಿ ‘ವಿ ವಿಲ್ ರಾಕ್ ಯೂ’. 2002ರಲ್ಲಿ ಬಂದಾಗ ಪತ್ರಿಕೆಗಳು ಹಿಗ್ಗಾಮುಗ್ಗಾ ಬೈದವು. ಡೊಮಿನಿಯನ್ ಥಿಯೇಟರ್‌ನಲ್ಲಿ 12 ವರ್ಷ ಓಡಿತು.

‘ಲೆ ಮಿಸರಾಬ್ಲ’ ಕಥೆ ಎಲ್ಲರಿಗೂ ಗೊತ್ತು. 1985ರ ಅಕ್ಟೋಬರ್ 8, ಲಂಡನ್‌ನ ಬಾರ್ಬಿಕನ್ ಥಿಯೇಟರ್. ಮಾರನೇ ದಿನದ ವಿಮರ್ಶೆಗಳು ಎಷ್ಟು ಕೆಟ್ಟದಾಗಿದ್ದವೆಂದರೆ, ಲಂಡನ್‌ನದೇ ಪ್ಯಾಲೆಸ್ ಥಿಯೇಟರ್‌ಗೆ ಸ್ಥಳಾಂತರಿಸಬೇಕಾ ಬೇಡವಾ ಅಂತ ನಿರ್ಮಾಪಕ ಕ್ಯಾಮರೂನ್ ಮ್ಯಾಕಿಂಟಾಷ್ ತಲೆ ಕೆಡಿಸಿಕೊಂಡಿದ್ದರು. ಬಾಕ್ಸ್ ಆಫೀಸಿಗೆ ಫೋನ್ ಮಾಡಿದರೆ ಲೈನ್ ಸಿಗುತ್ತಿಲ್ಲ. ಟಿಕೆಟ್ ಕೇಳುವವರಿಂದಲೇ ಫೋನು ಬ್ಯುಸಿ.

ಜನಕ್ಕೆ ಬೇಕಾದದ್ದು ಜನಕ್ಕೆ ಗೊತ್ತು. ವಿಮರ್ಶಕರು ಸುಮ್ನೆ ಕೂತು ಬರೆಯಲಿ.

ಹಾರ್ಮೋನಿಯಂ:

ಗೆದ್ದ ಮೂರನ್ನೇ ಹೆಕ್ಕಿ ಹೇಳಿದಿರಿ. ಬೈಗುಳ ತಿಂದು ಹೇಳಹೆಸರಿಲ್ಲದೆ ಹೋದವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಅಲ್ವಾ? 1988ರ ‘ಕ್ಯಾರಿ’ ಓಪನ್ ಆದ ಮೇಲೆ ಐದೇ ಶೋ. 70 ಲಕ್ಷ ಡಾಲರ್‌ಗೂ ಜಾಸ್ತಿ ಮುಳುಗಿತು. ಆ ಕಾಲದಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಫ್ರ್ಯಾಂಕ್ ರಿಚ್‌ಗೆ ‘ಬ್ರಾಡ್‌ವೇ ಕಟುಕ’ ಅಂತ ಅಡ್ಡಹೆಸರೇ ಇತ್ತು.

ಲೆಕ್ಕದ ಪುಸ್ತಕ:

ಇಬ್ಬರ ವಾದದಲ್ಲೂ ಒಂದು ವಿಷಯ ಬಿಟ್ಟುಹೋಗಿದೆ. ಎಷ್ಟು ಟಿಕೆಟ್ ಹೋಯಿತು ಅನ್ನುವುದಕ್ಕಿಂತ ಎಷ್ಟು ಬೆಲೆಗೆ ಹೋಯಿತು ಅನ್ನುವುದು ಮುಖ್ಯ. ಅದನ್ನು ನೋಡದೆ ವಿಮರ್ಶೆ ಕೆಲಸ ಮಾಡಿತಾ ಇಲ್ಲವಾ ಅಂತ ಹೇಳುವುದಕ್ಕೆ ಆಗುವುದಿಲ್ಲ.

ನಿರ್ಮಾಪಕರು, ಥಿಯೇಟರ್ ಮಾಲೀಕರ ಸಂಘವಾದ ಬ್ರಾಡ್‌ವೇ ಲೀಗ್ ಪ್ರತಿ ವಾರ ಎಲ್ಲ ಶೋಗಳ ಕಲೆಕ್ಷನ್ ಪ್ರಕಟಿಸುತ್ತದೆ. ವಾರ ಅಂದರೆ ಸೋಮವಾರದಿಂದ ಭಾನುವಾರ, ಸಾಮಾನ್ಯವಾಗಿ 8 ಪ್ರದರ್ಶನ. ಒಟ್ಟು ಕಲೆಕ್ಷನ್, ಎಷ್ಟು ಜನ ಬಂದರು, ಶೇಕಡಾ ಎಷ್ಟು ಸೀಟು ತುಂಬಿತು, ಸರಾಸರಿ ಟಿಕೆಟ್ ಬೆಲೆ ಎಷ್ಟು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಎಲ್ಲರೂ ಮೊದಲ ಅಂಕಿ ನೋಡಿ ಮುಂದೆ ಹೋಗುತ್ತಾರೆ. ನಾನು ನೋಡುವುದು ಕೊನೆಯದನ್ನು.

ಒಂದು ಉದಾಹರಣೆ ತಗೊಳ್ಳಿ. 1,000 ಸೀಟಿನ ಥಿಯೇಟರ್, ವಾರಕ್ಕೆ 8,000 ಸೀಟು. ಸರಾಸರಿ ಬೆಲೆ 60 ಡಾಲರ್ ಆದರೆ ಒಂದು ಸೀಟೂ ಖಾಲಿ ಇಲ್ಲದೆ ತುಂಬಿದರೂ 4.8 ಲಕ್ಷ ಡಾಲರ್. ಅದೇ 110 ಡಾಲರ್ ಆಗಿ ಮುಕ್ಕಾಲು ಭಾಗ ಮಾತ್ರ ತುಂಬಿದರೂ 6.6 ಲಕ್ಷ. ಅರ್ಧ ಬೆಲೆಗೆ ಕೊಟ್ಟು ಥಿಯೇಟರ್ ತುಂಬಿಸಿದವರು ‘ಹೌಸ್‌ಫುಲ್’ ಬೋರ್ಡ್ ಹಾಕಿಕೊಂಡೇ ಬಾಗಿಲು ಮುಚ್ಚಬಹುದು.

ಇನ್ನು ಖರ್ಚು. ಬಾಡಿಗೆ, ನಟರು, ವಾದ್ಯದವರು, ರಂಗದ ಹಿಂದಿನ ಸಿಬ್ಬಂದಿ, ಜಾಹೀರಾತು, ರಾಯಲ್ಟಿ. ದೊಡ್ಡ ಮ್ಯೂಸಿಕಲ್ ಒಂದಕ್ಕೆ ವಾರಕ್ಕೆ 7-8 ಲಕ್ಷ ಡಾಲರ್ ಬೀಳುವುದು ಈಗ ಮಾಮೂಲಿ. ಇದನ್ನು ದಾಟಿದ ಮೇಲೆ ಉಳಿದದ್ದು ಮಾತ್ರ ಬಂಡವಾಳ ತೀರಿಸಲು ಹೋಗುತ್ತದೆ. ಅಸಲು ಕೈಗೆ ಬರುವವರೆಗೆ ಎಷ್ಟು ವರ್ಷ ಓಡಿದರೂ ಅದು ನಷ್ಟದ ಶೋ. ‘ಜೆಕಿಲ್ ಅಂಡ್ ಹೈಡ್’ 1997ರಿಂದ 2001ರವರೆಗೆ 1,543 ಪ್ರದರ್ಶನ ಕಂಡಿತು. ಆದರೂ ಹಾಕಿದ ದುಡ್ಡು ಪೂರ್ತಿ ಬರಲಿಲ್ಲ!

ಈಗ ‘ಮೇಬಿ ಹ್ಯಾಪಿ ಎಂಡಿಂಗ್’ಗೆ ಬನ್ನಿ. ವಿಮರ್ಶೆ ಬಂದ ಮಾರನೇ ದಿನ ಪವಾಡ ಏನೂ ನಡೆಯಲಿಲ್ಲ. ಕಲೆಕ್ಷನ್ ಏರಿತು, ಆದರೆ ಮೆಟ್ಟಿಲು ಮೆಟ್ಟಿಲಾಗಿ. 10 ಲಕ್ಷದ ಗೆರೆ ದಾಟಿದ್ದೆಲ್ಲ ಆಮೇಲಿನ ಮಾತು. ಅಲ್ಲಿಯವರೆಗೆ ನಷ್ಟ ತಡೆದುಕೊಳ್ಳುವ ತಾಕತ್ತು ನಿರ್ಮಾಪಕರಿಗೆ ಇತ್ತು. ಹೊಗಳಿಕೆ ಅವರಿಗೆ ಕೊಟ್ಟಿದ್ದು ಗಿರಾಕಿಗಳನ್ನಲ್ಲ, ಕಾಯುವುದಕ್ಕೆ ಒಂದು ನೆಪ.

ಬಾಲ್ಕನಿ ಸೀಟು:

ಅಂದರೆ ‘ಟ್ಯಾಮಿ ಫೇ’ ಕೂಡ ಕಾದಿದ್ದರೆ ಉಳಿಯುತ್ತಿತ್ತಾ?

ಲೆಕ್ಕದ ಪುಸ್ತಕ:

ಅನುಮಾನ. ಆಲ್ಮೈಡಾದಲ್ಲಿ ಇರುವುದು ಸುಮಾರು 325 ಸೀಟು. ನ್ಯೂಯಾರ್ಕ್‌ನ ಪ್ಯಾಲೆಸ್‌ನಲ್ಲಿ 1,600ರ ಹತ್ತಿರ. ಚಿಕ್ಕ ಜಾಗದಲ್ಲಿ ತಮಾಷೆಯಾಗಿ ಕಂಡದ್ದು ಅಷ್ಟು ದೊಡ್ಡ ಕಡೆ ತೆಳುವಾಗಿ ಕಾಣುತ್ತದೆ. ಜೊತೆಗೆ ಅದು ಅಮೆರಿಕದ ಟಿವಿ ಪ್ರವಚನಕಾರರ ಕಥೆ. ಲಂಡನ್ನಿನವರಿಗೆ ಅದು ದೂರದ ವಿಚಿತ್ರ, ನಗಬಹುದು. ಅಮೆರಿಕದವರಿಗೆ ಮನೆಯೊಳಗಿನ ಜಗಳ. ಓಪನ್ ಆಗಿದ್ದು ಚುನಾವಣೆ ಮುಗಿದು ಹತ್ತು ದಿನ ಆಗುವ ಮೊದಲೇ.

ಎಲ್ಟನ್ ಜಾನ್ ಹೆಸರು ಇದ್ದೂ ಯಾಕೆ ಹೀಗಾಯಿತು ಅಂತ ಕೇಳಬಹುದು. ಅವರದೇ ಹಾಡುಗಳಿರುವ ‘ದಿ ಲಯನ್ ಕಿಂಗ್’ 1997ರಿಂದ ಬ್ರಾಡ್‌ವೇಯಲ್ಲಿ ನಿಂತಿದೆ. ಆದರೆ ಅಲ್ಲಿ ಟಿಕೆಟ್ ಕೊಳ್ಳುವವರಿಗೆ ಬೇಕಿರುವುದು ಸಿಂಹ. ಹಾಡು ಬರೆದವರು ಯಾರು ಅಂತ ನೋಡಿ ಯಾರೂ ಕ್ಯೂ ನಿಲ್ಲುವುದಿಲ್ಲ.

ಮೂರನೇ ಬೆಲ್:

ನಾನು ‘ಮೇಬಿ ಹ್ಯಾಪಿ ಎಂಡಿಂಗ್’ ನೋಡಿದ್ದೇನೆ. ವಿಮರ್ಶೆ ಓದಿ ಹೋದದ್ದಲ್ಲ, ಗೆಳತಿ ಎಳೆದುಕೊಂಡು ಹೋದದ್ದು. ಅವಳಿಗೆ ಇನ್ಯಾರೋ ಹೇಳಿದ್ದರು.

ಈ ಶೋ ಬಗ್ಗೆ ಬಾಯಿಮಾತು ಹೇಗೆ ಹಬ್ಬಿತು ಅಂತ ಒಳಗೆ ಕೂತರೆ ಗೊತ್ತಾಗುತ್ತದೆ. ಶುರುವಿನಲ್ಲಿ ಕಾಣುವುದು ಬೆಳಕಿನ ಅಂಚಿರುವ ಒಂದು ಚಿಕ್ಕ ಚೌಕ, ಅದರೊಳಗೆ ಆಲಿವರ್ ಅನ್ನುವ ರೋಬೋನ ಕೋಣೆ. ಜಾಝ್ ರೆಕಾರ್ಡು, ಒಂದು ಕುಂಡದ ಗಿಡ. ಆ ಗಿಡದ ಜೊತೆಗೇ ಅವನ ಮಾತು. ಮುಂದೆ ಹೋದಂತೆ ಚೌಕ ಜರುಗುತ್ತದೆ, ಅಗಲವಾಗುತ್ತದೆ, ಪಕ್ಕದ ಕೋಣೆಯ ಕ್ಲೇರ್ ಬರುತ್ತಾಳೆ. ಇಬ್ಬರೂ ಜೇಜು ದ್ವೀಪಕ್ಕೆ ಮಿಂಚುಹುಳ ನೋಡಲು ಹೋಗುತ್ತಾರೆ. ಆ ದೃಶ್ಯ ಬಂದಾಗ ಪಕ್ಕದಲ್ಲಿ ಕೂತಿದ್ದ ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು.

ಹೊರಗೆ ಬಂದ ಮೇಲೆ ಇದನ್ನು ಇನ್ನೊಬ್ಬರಿಗೆ ಹೇಗೆ ಹೇಳುತ್ತೀರಿ? ‘ಎರಡು ರೋಬೋ, ಚಾರ್ಜರ್ ಸಮಸ್ಯೆ’ ಅಂದರೆ ಯಾರು ಬರುತ್ತಾರೆ? ಅದಕ್ಕೇ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: ಏನೂ ಓದಬೇಡಿ, ಸುಮ್ನೆ ಹೋಗಿ. ಅಭಿಮಾನಿಗಳು ತಮ್ಮನ್ನೇ ‘ಫೈರ್‌ಫ್ಲೈಸ್’ ಅಂತ ಕರೆದುಕೊಂಡು ಮತ್ತೆ ಮತ್ತೆ ಹೋದರು. ಪೋಸ್ಟರ್ ನೋಡಿ ಕೊಳ್ಳುವ ಶೋ ಅಲ್ಲ ಅದು.

ಗ್ರೀನ್ ರೂಮ್ ಗಿರಾಕಿ:

ನೋಡಿ, ನಾನು ಹೇಳಿದ್ದೇ ಇದು. ವಿಮರ್ಶೆ ಅಲ್ಲ, ಬಾಯಿಮಾತು.

ಹಾರ್ಮೋನಿಯಂ:

ಮೊದಲ ಬಾಯಿ ಯಾರದ್ದು? ಪ್ರಿವ್ಯೂನಲ್ಲಿ ಅರ್ಧ ಥಿಯೇಟರ್ ಖಾಲಿ ಇದ್ದಾಗ ಹೋಗಿ ಕೂತವರಿಗೆ ಯಾರು ಹೇಳಿದ್ದರು? ಹೆಸರಿಲ್ಲದ ಶೋಗೆ ಮೊದಲ ಒಂದೆರಡು ತಿಂಗಳು ವಿಮರ್ಶೆಯೇ ಆಸರೆ. ‘ವಿಕೆಡ್’ಗೆ ಆಝ್ ಲೋಕದ ಹಸಿರು ಮಾಟಗಾತಿ ಇದ್ದಳು, ಅದು ಅಮೆರಿಕದಲ್ಲಿ ಮಕ್ಕಳಿಗೂ ಗೊತ್ತು. ‘ವಿ ವಿಲ್ ರಾಕ್ ಯೂ’ಗೆ ಕ್ವೀನ್ ಬ್ಯಾಂಡ್ ಹಾಡುಗಳಿದ್ದವು. ಅವಕ್ಕೆ ವಿಮರ್ಶಕರ ಹಂಗು ಯಾಕೆ ಬೇಕು? ಬೈದರೂ ಜನ ಬರುತ್ತಾರೆ, ಹೊಗಳಿದರೂ ಅದೇ ಜನ ಬರುತ್ತಾರೆ.

ರಾತ್ರಿ ಶೋ:

ಹೆಸರಿಗೆ ಇನ್ನೊಂದು ಉದಾಹರಣೆ, ‘ಸ್ಪೈಡರ್-ಮ್ಯಾನ್: ಟರ್ನ್ ಆಫ್ ದಿ ಡಾರ್ಕ್’. ಖರ್ಚು 7.5 ಕೋಟಿ ಡಾಲರ್. 2010ರ ನವೆಂಬರ್ 28ಕ್ಕೆ ಪ್ರಿವ್ಯೂ ಶುರು. ಓಪನಿಂಗ್ ಮುಂದಕ್ಕೆ, ಮತ್ತೆ ಮುಂದಕ್ಕೆ. ನಟರು ಮೇಲಿಂದ ಬಿದ್ದು ಪೆಟ್ಟು ಮಾಡಿಕೊಂಡ ಸುದ್ದಿ ಬೇರೆ. ಓಪನಿಂಗ್‌ವರೆಗೆ ವಿಮರ್ಶೆ ಬರೆಯಬಾರದು ಅನ್ನುವುದು ಅಲ್ಲಿನ ರೂಢಿ. ಕಾದು ಕಾದು ಸಾಕಾಗಿ 2011ರ ಫೆಬ್ರವರಿಯಲ್ಲಿ ವಿಮರ್ಶಕರೆಲ್ಲ ಒಟ್ಟಿಗೆ ಬರೆದುಬಿಟ್ಟರು. ಸಿಕ್ಕಾಪಟ್ಟೆ ಝಾಡಿಸಿದರು. ನಿರ್ದೇಶಕಿ ಜೂಲಿ ಟೇಮೋರ್ ಹೊರನಡೆದರು, ಶೋ ಮೂರು ವಾರ ನಿಲ್ಲಿಸಿ ತಿದ್ದಿದರು, 182 ಪ್ರಿವ್ಯೂ ಆದ ಮೇಲೆ ಜೂನ್ 14ಕ್ಕೆ ಓಪನಿಂಗ್.

ತಮಾಷೆ ಏನು ಗೊತ್ತಾ? ಇಷ್ಟೆಲ್ಲ ರಾದ್ಧಾಂತದ ನಡುವೆ ಟಿಕೆಟ್ ಚೆನ್ನಾಗಿಯೇ ಹೋಗುತ್ತಿತ್ತು. ಏನಾದರೂ ಬೀಳುತ್ತಾ ನೋಡೋಣ ಅಂತ ಬಂದವರೂ ಇದ್ದರು. 2012ರ ಹೊಸ ವರ್ಷಕ್ಕೆ ಮುಗಿದ ವಾರದಲ್ಲಿ 29 ಲಕ್ಷ ಡಾಲರ್ ದಾಟಿ ಬ್ರಾಡ್‌ವೇ ದಾಖಲೆ ಮಾಡಿತು. ಆದರೆ ವಾರದ ಖರ್ಚೇ 10 ಲಕ್ಷದ ಮೇಲೆ. ಕುತೂಹಲ ತಣ್ಣಗಾದ ಮೇಲೆ 2014ರ ಜನವರಿ 4ಕ್ಕೆ ಮುಚ್ಚಿತು, ದುಡ್ಡು ಹಾಕಿದವರ ಕೈ ಚೆನ್ನಾಗಿಯೇ ಸುಟ್ಟಿತು.

ಸೈಡ್ ವಿಂಗ್:

ಮೇಲಿನ ಲೆಕ್ಕಕ್ಕೆ ಒಂದು ಸೇರ್ಪಡೆ. ವಾರದ ಅಂಕಿ ಬರುವವರೆಗೆ ಕಾಯದೆ ಟಿಕೆಟ್ ಸೈಟಿನಲ್ಲಿ ಸೀಟ್ ಮ್ಯಾಪ್ ತೆರೆದು ನೋಡುವ ಜನ ತುಂಬಾ ಇದ್ದಾರೆ. ಶನಿವಾರ ರಾತ್ರಿಯದ್ದು ನೋಡಿದರೆ ಏನೂ ತಿಳಿಯುವುದಿಲ್ಲ, ಎಲ್ಲವೂ ತುಂಬಿರುತ್ತದೆ. ಮೂರು ವಾರ ಮುಂದಿನ ಮಂಗಳವಾರ ಸಂಜೆಯದ್ದು ತೆರೆದು ನೋಡಿ. ಮೆಝನೈನ್‌ನ (ಮೇಲಿನ ಮಹಡಿಯ ಸೀಟುಗಳು) ಹಿಂದಿನ ಸಾಲುಗಳೆಲ್ಲ ಖಾಲಿ ಚುಕ್ಕಿಯಾಗಿದ್ದರೆ ಕಷ್ಟದ ಲಕ್ಷಣ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಕೆಲವು ಸೀಟುಗಳನ್ನು ನಿರ್ಮಾಪಕರು, ಗುಂಪು ಬುಕಿಂಗ್‌ನವರು ಹಿಡಿದಿಟ್ಟಿರುತ್ತಾರೆ. ಮ್ಯಾಪಿನಲ್ಲಿ ಮಾರಿದಂತೆ ಕಾಣುವುದೆಲ್ಲ ಮಾರಿದ್ದಲ್ಲ.

ಇನ್ನೊಂದು ಸುಳಿವು, ನ್ಯೂಯಾರ್ಕ್‌ನ ಡಫಿ ಸ್ಕ್ವೇರ್‌ನ ಕೆಂಪು ಮೆಟ್ಟಿಲ ಕೆಳಗಿರುವ ಟಿಕೆಟಿಎಸ್ (TKTS) ರಿಯಾಯಿತಿ ಟಿಕೆಟ್ ಕೌಂಟರ್. 1973ರಿಂದ ಇದೆ. ಅದೇ ದಿನದ ಉಳಿದ ಟಿಕೆಟ್ ಅರ್ಧ ಬೆಲೆವರೆಗೂ ಸಿಗುತ್ತದೆ. ಬೋರ್ಡಿನಲ್ಲಿ ಶೋ ಹೆಸರಿನ ಪಕ್ಕ ಎಷ್ಟು ಶೇಕಡಾ ಕಡಿತ ಅಂತ ಇರುತ್ತದೆ. ಹೊಸ ಮ್ಯೂಸಿಕಲ್ ಒಂದು ವಾರದ ಎಲ್ಲ ದಿನ, ಶನಿವಾರ ಕೂಡ, 50 ಶೇಕಡಾ ಕಡಿತದಲ್ಲಿ ಅಲ್ಲಿ ಕಾಣುತ್ತಿದ್ದರೆ ಸರಾಸರಿ ಬೆಲೆ ಎಲ್ಲಿಗೆ ಇಳಿದಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಹಾಗಂತ ಅಲ್ಲಿ ಹೆಸರು ಬಂತು ಅಂದ ಮಾತ್ರಕ್ಕೆ ಶೋ ಸತ್ತಿತು ಅಂತಲೂ ಅಲ್ಲ. ಚೆನ್ನಾಗಿ ಓಡುವ ಶೋಗಳೂ ಮಳೆ ಬರುವ ಬುಧವಾರ ಅಲ್ಲಿ ಇಣುಕುತ್ತವೆ.

ಇನ್ನೊಂದು ತುದಿಯಲ್ಲಿ ‘ದಿ ಪ್ರೊಡ್ಯೂಸರ್ಸ್’. 2001ರಲ್ಲಿ ಓಪನಿಂಗ್ ಮಾರನೇ ದಿನವೇ 30 ಲಕ್ಷ ಡಾಲರ್‌ನ ಟಿಕೆಟ್ ಹೋಯಿತು, ಆಮೇಲೆ 12 ಟೋನಿ. ಅದೇ ವರ್ಷ ಕೆಲವು ಸೀಟಿಗೆ 480 ಡಾಲರ್ ಇಟ್ಟರು. ಪ್ರೀಮಿಯಂ ಬೆಲೆ ಅನ್ನುವ ಪದ್ಧತಿ ಬ್ರಾಡ್‌ವೇಗೆ ಅಂಟಿಕೊಂಡಿದ್ದು ಅಲ್ಲಿಂದಲೇ. ಹಿಂದಿನ ಕಲೆಕ್ಷನ್ ದಾಖಲೆಗಳನ್ನು ಈಗಿನವುಗಳ ಜೊತೆ ಹೋಲಿಸುವಾಗ ಇದು ನೆನಪಿರಲಿ.

ಬಾಲ್ಕನಿ ಸೀಟು:

‘ಡೆಡ್ ಔಟ್‌ಲಾ’ ಬಗ್ಗೆ ಯಾರೂ ಹೇಳಲಿಲ್ಲ.

ಮೂರನೇ ಬೆಲ್:

ಅದರ ಕಥೆ ಬೇರೆ. 2024ರಲ್ಲಿ ಬ್ರಾಡ್‌ವೇ ಹೊರಗಿನ ಚಿಕ್ಕ ಥಿಯೇಟರ್‌ನಲ್ಲಿ ಹೆಸರು ಮಾಡಿತ್ತು. ಲಾಂಗೇಕರ್ ಥಿಯೇಟರ್‌ನಲ್ಲಿ ಓಪನ್ ಆಗಿದ್ದು 2025ರ ಏಪ್ರಿಲ್ 27, ಅಂದರೆ ಟೋನಿ ಅರ್ಹತೆಯ ಕೊನೆ ದಿನ. ಆ ವಾರಗಳಲ್ಲಿ ಎಷ್ಟು ಶೋಗಳು ಒಟ್ಟಿಗೆ ಬರುತ್ತವೆ ಅಂದರೆ ಒಂದರ ಹೊಗಳಿಕೆ ಇನ್ನೊಂದರ ಸದ್ದಿನಲ್ಲಿ ಕೇಳಿಸುವುದೇ ಇಲ್ಲ. ಮೇಲಾಗಿ ಕಥೆ ಒಂದು ಹೆಣದ್ದು. ಸತ್ತ ದರೋಡೆಕೋರನ ಮಮ್ಮಿಯನ್ನು ದಶಕಗಟ್ಟಲೆ ಜಾತ್ರೆ ಪ್ರದರ್ಶನಗಳಲ್ಲಿ ತಿರುಗಿಸಿದ ನಿಜ ಘಟನೆ. ನನಗೆ ಇಷ್ಟದ ಶೋ. ಆದರೆ ಮಕ್ಕಳನ್ನು ಕರೆದುಕೊಂಡು ಬಂದ ಪ್ರವಾಸಿ ಕುಟುಂಬಕ್ಕೆ ಇದನ್ನು ಹೇಗೆ ಮಾರುತ್ತೀರಿ?

7 ಟೋನಿ ನಾಮಿನೇಷನ್ ಬಂತು, ಒಂದೂ ಗೆಲ್ಲಲಿಲ್ಲ. ಜೂನ್ 29ಕ್ಕೆ ಬಂದ್. ಅದೇ ದಿನ ‘ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್’ ಕೂಡ ಮುಚ್ಚಿತು, ಒಂದು ವಾರ ಮೊದಲು ‘ಸ್ಮ್ಯಾಶ್’.

ಹಾರ್ಮೋನಿಯಂ:

ನಾಮಿನೇಷನ್ ಹೊಟ್ಟೆ ತುಂಬಿಸುವುದಿಲ್ಲ. ‘ದಿ ಸ್ಕಾಟ್ಸ್‌ಬರೋ ಬಾಯ್ಸ್’ಗೆ 12 ನಾಮಿನೇಷನ್ ಬಂದಿತ್ತು. ಆದರೆ 2010ರ ಡಿಸೆಂಬರ್‌ನಲ್ಲೇ ಶೋ ಮುಚ್ಚಿಯಾಗಿತ್ತು, ನಾಮಿನೇಷನ್ ಬಂದದ್ದು ಮುಂದಿನ ಮೇ ತಿಂಗಳಲ್ಲಿ. ಗೆದ್ದದ್ದು ಸೊನ್ನೆ. ಟಿಕೆಟ್ ಮಾರಾಟಕ್ಕೆ ನಿಜವಾಗಿ ನೆರವಾಗುವುದು ಅತ್ಯುತ್ತಮ ಮ್ಯೂಸಿಕಲ್ ಪ್ರಶಸ್ತಿ ಒಂದೇ. ಉಳಿದದ್ದು ಪೋಸ್ಟರ್ ಮೇಲಿನ ಅಲಂಕಾರ.

ರಾತ್ರಿ ಶೋ:

ಒಂದನ್ನು ಯಾರೂ ಮುಟ್ಟಲಿಲ್ಲ, ಥಿಯೇಟರ್ ಮಾಲೀಕರು. ಬ್ರಾಡ್‌ವೇಯಲ್ಲಿ ಇರುವುದು 41 ಥಿಯೇಟರ್, ಅದರಲ್ಲಿ 17 ಶೂಬರ್ಟ್ ಸಂಸ್ಥೆಯದ್ದೇ. ಒಪ್ಪಂದದಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಸತತ ಎರಡು ವಾರ ಕಲೆಕ್ಷನ್ ಇಂತಿಷ್ಟಕ್ಕಿಂತ ಕೆಳಗಿಳಿದರೆ ಮಾಲೀಕರು ಜಾಗ ಖಾಲಿ ಮಾಡಿಸಬಹುದು.

‘ಬೀಟಲ್‌ಜ್ಯೂಸ್’ ನೆನಪಿದೆಯಾ? 2019ರ ಏಪ್ರಿಲ್‌ನಲ್ಲಿ ವಿಂಟರ್ ಗಾರ್ಡನ್‌ನಲ್ಲಿ ಓಪನ್. ವಿಮರ್ಶೆ ಅಷ್ಟಕ್ಕಷ್ಟೆ, ಟಿಕೆಟ್ ಮಂದ. ಆಮೇಲೆ ಹಾಡುಗಳ ಆಲ್ಬಂ ಹುಡುಗ ಹುಡುಗಿಯರ ಫೋನಿಗೆ ಸೇರಿತು, ಟಿಕ್‌ಟಾಕ್‌ನಲ್ಲಿ ಹಬ್ಬಿತು. ವೇಷ ಹಾಕಿಕೊಂಡು ಬರುವವರ ಸಾಲು ಶುರುವಾಯಿತು. ವಾರಕ್ಕೆ 10 ಲಕ್ಷ ದಾಟುವ ಹೊತ್ತಿಗೆ ಮಾಲೀಕರು ಥಿಯೇಟರನ್ನು ‘ದಿ ಮ್ಯೂಸಿಕ್ ಮ್ಯಾನ್’ಗೆ ಕೊಟ್ಟಾಗಿತ್ತು. ಜನ ಬರತೊಡಗಿದಾಗ ಜಾಗ ಇಲ್ಲ. 2022ರಲ್ಲಿ ಮಾರ್ಕಿಸ್ ಥಿಯೇಟರ್‌ನಲ್ಲಿ ಮತ್ತೆ ಬರಬೇಕಾಯಿತು.

ಗ್ರೀನ್ ರೂಮ್ ಗಿರಾಕಿ:

ಇದರಲ್ಲಿ ವಿಮರ್ಶಕರ ಪಾತ್ರ ಎಲ್ಲಿದೆ ಸ್ವಾಮಿ? ಹದಿನಾರರ ಹುಡುಗಿ ನ್ಯೂಯಾರ್ಕ್ ಟೈಮ್ಸ್ ಓದಿ ಪಟ್ಟೆ ಕೋಟು ಹಾಕಿಕೊಂಡು ಬಂದಳಾ?

ಲೆಕ್ಕದ ಪುಸ್ತಕ:

ಬರಲಿಲ್ಲ, ನಿಜ. ಆದರೆ ವಿಮರ್ಶೆ ಮೊದಲೇ ಚೆನ್ನಾಗಿ ಬಂದಿದ್ದರೆ ಥಿಯೇಟರ್ ಕೈತಪ್ಪುವ ಸ್ಥಿತಿ ಬರುತ್ತಿತ್ತಾ ಅನ್ನುವುದನ್ನೂ ಯೋಚಿಸಿ. ಎರಡಕ್ಕೂ ಬೇರೆ ಬೇರೆ ಗಡಿಯಾರ. ವಿಮರ್ಶೆ ಒಂದು ರಾತ್ರಿಯ ಕೆಲಸ, ಬಾಯಿಮಾತಿಗೆ ಮೂರು ನಾಲ್ಕು ತಿಂಗಳು ಬೇಕು. ನಡುವಿನ ತಿಂಗಳುಗಳಿಗೆ ದುಡ್ಡು ಯಾರು ಹಾಕುತ್ತಾರೆ ಅನ್ನುವುದೇ ಪ್ರಶ್ನೆ. ಕೋವಿಡ್ ನಂತರ ಬಂದ ಹೊಸ ಮ್ಯೂಸಿಕಲ್‌ಗಳಲ್ಲಿ ‘ಸಿಕ್ಸ್’, ‘ಎಂಜೆ’, ‘ಅಂಡ್ ಜೂಲಿಯೆಟ್’ ತರದ ಬೆರಳೆಣಿಕೆಯಷ್ಟಕ್ಕೆ ಮಾತ್ರ ಅಸಲು ಸಿಕ್ಕಿದೆ. ಮೂರಕ್ಕೂ ಜನಕ್ಕೆ ಮೊದಲೇ ಗೊತ್ತಿದ್ದ ಏನೋ ಒಂದು ಇತ್ತು: ಎಂಟನೇ ಹೆನ್ರಿಯ ಹೆಂಡತಿಯರು, ಮೈಕಲ್ ಜಾಕ್ಸನ್ ಹಾಡು, ಶೇಕ್ಸ್‌ಪಿಯರ್‌ನ ಜೂಲಿಯೆಟ್ ಬಾಯಲ್ಲಿ ರೇಡಿಯೋದ ಪಾಪ್ ಹಾಡು.

ಸೈಡ್ ವಿಂಗ್:

ಲಂಡನ್ನಿನ ಥಿಯೇಟರ್ ಪ್ರದೇಶವಾದ ವೆಸ್ಟ್ ಎಂಡ್‌ನಲ್ಲಿ ಈ ಚರ್ಚೆ ಇಷ್ಟು ಬಿಸಿಯಾಗುವುದೇ ಇಲ್ಲ. ಅಲ್ಲಿ ಶೋವಾರು ವಾರದ ಕಲೆಕ್ಷನ್ ಪ್ರಕಟಿಸುವುದಿಲ್ಲ. ಖಾಲಿ ಸೀಟು ಕಂಡವರು ಒಬ್ಬರು, ಹೌಸ್‌ಫುಲ್ ಅನ್ನುವ ನಿರ್ಮಾಪಕರು ಇನ್ನೊಬ್ಬರು. ‘ಆಪರೇಷನ್ ಮಿನ್ಸ್‌ಮೀಟ್’ 2019ರಲ್ಲಿ 80 ಸೀಟಿನ ನ್ಯೂ ಡಯೊರಾಮಾದಲ್ಲಿ ಶುರುವಾಗಿ, 2023ರಲ್ಲಿ ವೆಸ್ಟ್ ಎಂಡ್‌ಗೆ, 2025ರಲ್ಲಿ ಬ್ರಾಡ್‌ವೇಗೆ ಬಂತು. ಲಂಡನ್‌ನಲ್ಲಿ ಅದು ಎಷ್ಟು ಗಳಿಸುತ್ತದೆ ಅನ್ನುವುದು ಊಹೆ. ನ್ಯೂಯಾರ್ಕ್‌ಗೆ ಕಾಲಿಟ್ಟ ಮೊದಲ ವಾರದಿಂದಲೇ ಅದರ ಜಾತಕ ಎಲ್ಲರ ಕೈಯಲ್ಲಿ.

ಬಾಲ್ಕನಿ ಸೀಟು:

ಸರಿ, ಹೊಸ ಶೋ ಉಳಿಯುತ್ತದಾ ಇಲ್ಲವಾ ಅಂತ ನೋಡಲು ಒಂದೇ ಅಂಕಿ ಇಟ್ಟುಕೊಳ್ಳಿ ಅಂದರೆ ಯಾವುದು?

ಲೆಕ್ಕದ ಪುಸ್ತಕ:

ಜನವರಿ ಎರಡನೇ ವಾರದ ಸರಾಸರಿ ಟಿಕೆಟ್ ಬೆಲೆ. ಕ್ರಿಸ್‌ಮಸ್ ವಾರದಲ್ಲಿ ಎಲ್ಲರ ಕಲೆಕ್ಷನ್ ಉಬ್ಬಿರುತ್ತದೆ, ಕೆಲವರು 9 ಶೋ ಹಾಕುತ್ತಾರೆ. ಪ್ರವಾಸಿಗರು ಹೊರಟ ಮೇಲೆ ಜನವರಿ, ಫೆಬ್ರವರಿ ಒಣ ತಿಂಗಳು. ಆಗಲೂ ಬೆಲೆ ಹೆಚ್ಚು ಬೀಳದೆ ನಿಂತರೆ ವಸಂತದವರೆಗೆ ದಾಟಬಹುದು.

ಹಾರ್ಮೋನಿಯಂ:

ಏಪ್ರಿಲ್‌ನಲ್ಲಿ ಓಪನ್ ಆಗುವವಕ್ಕೆ?

ಲೆಕ್ಕದ ಪುಸ್ತಕ:

ಟೋನಿ ಆದ ಎರಡನೇ ವಾರ. ಅಷ್ಟರಲ್ಲಿ ಬಹುತೇಕರು ಮುಚ್ಚುವ ದಿನ ಹೇಳಿಯೇ ಇರುತ್ತಾರೆ.

ಮೂರನೇ ಬೆಲ್:

ಮುಚ್ಚುವ ದಿನ ಹೇಳಿದ ಮೇಲೆ ಟಿಕೆಟ್ ಏರುವುದನ್ನೂ ಸೇರಿಸಿ. ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ ಬ್ರಾಡ್‌ವೇಯಲ್ಲಿ 35 ವರ್ಷದ ಓಟ ನಿಲ್ಲಿಸುತ್ತೇವೆ ಅಂತ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದ ಕೂಡಲೇ ಜನ ಮುಗಿಬಿದ್ದರು. ಫೆಬ್ರವರಿಗೆ ಇದ್ದ ಕೊನೆಯನ್ನು 2023ರ ಏಪ್ರಿಲ್ 16ಕ್ಕೆ ತಳ್ಳಿದರು. ಕೊನೆ ವಾರದ ಕಲೆಕ್ಷನ್ 30 ಲಕ್ಷ ಡಾಲರ್ ದಾಟಿತು. ಅದಕ್ಕೆ ಯಾವ ವಿಮರ್ಶೆಯೂ ಬೇಕಾಗಲಿಲ್ಲ.

ಗ್ರೀನ್ ರೂಮ್ ಗಿರಾಕಿ:

ಈ ಮಾತನ್ನು ನಾನು ಹೇಳಬೇಕಿತ್ತು.